ಕರಾವಳಿಯ ಮೂರು ತಾಲೂಕುಗಳೂ ಸಮಾಜಶಾಸ್ತ್ರದ ಪದವೀಧರರೂ

ಭಟ್ಕಳ, ಹೊನ್ನಾವರ, ಕುಮಟೆಗಳ ಜನಜೀವನವನ್ನು ಕುರಿತ ಬರಹವು ಸಮಾಜಶಾಸ್ತ್ರವೆಂಬ ಪಾಠವಿಷಯಕ್ಕಿಂತ ಬಹಳ ಹಳೆಯದು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕರಾವಳಿಯಲ್ಲಿ ಸಂಚರಿಸಿ ಬೇಸಾಯ, ಜಾತಿ, ಕಂದಾಯಗಳ ವಿವರಗಳನ್ನು ಕಲೆಹಾಕಿದನು. 1862ರಲ್ಲಿ ಜಿಲ್ಲೆಯು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಬಳಿಕ, 1883ರ ಗೆಝೆಟಿಯರು ಆ ಕಾರ್ಯವನ್ನು ವಿಸ್ತರಿಸಿತು. ಜನರನ್ನು ಅರಿಯುವುದು ಇಲ್ಲಿ ಮೊದಲು ಸರಕಾರದ ಕೆಲಸವಾಗಿತ್ತು, ವಿದ್ಯೆಯಾದುದು ಅನಂತರ.

1919ರಲ್ಲಿ ಪ್ಯಾಟ್ರಿಕ್ ಗೆಡ್ಡಿಸರ ನೇತೃತ್ವದಲ್ಲಿ ಮುಂಬಯಿಯಲ್ಲಿ ಆರಂಭವಾದ ಸಮಾಜಶಾಸ್ತ್ರ ವಿಭಾಗವು, ಮಾಲವಣದ ಕರಾವಳಿಯವರೇ ಆದ ಘುರ್ಯೆಯವರ ಕಾಲದಲ್ಲಿ ಬೆಳೆಯಿತು. 1949ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಧಾರವಾಡಕ್ಕೆ ಬಂದುದರಿಂದ ಉನ್ನತ ಶಿಕ್ಷಣವು ಘಟ್ಟದ ಮೇಲಿನವರೆಗಾದರೂ ಸಮೀಪಿಸಿತು. ಉದ್ಯೋಗವು ಅಷ್ಟು ಸಮೀಪಿಸಲಿಲ್ಲ. 500 ಮಂದಿ ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕ್ಷೇಮಾಧಿಕಾರಿ ಇರತಕ್ಕದ್ದೆಂದು 1948ರ ಕಾಯಿದೆಯು ವಿಧಿಸಿತಾದರೂ, ಅಂತಹ ಕಾರ್ಖಾನೆಗಳಿಗಾಗಿ ನಮ್ಮ ಪದವೀಧರನು ಪರಸ್ಥಳವನ್ನೇ ನೋಡಬೇಕಾಯಿತು.

ಆದರೆ ಈ ಶಾಸ್ತ್ರದ ಅಗತ್ಯವು ಊರಿನಲ್ಲಿ ಇರಲಿಲ್ಲವೆನ್ನಲಾಗದು. ಭಟ್ಕಳದ ಗೊಂಡರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಕುಮಟೆ, ಹೊನ್ನಾವರಗಳ ಹಾಲಕ್ಕಿ ಒಕ್ಕಲಿಗರು ಅದೇ ಪಟ್ಟಿಗೆ ಸೇರಬೇಕೆಂದು ಬಹುಕಾಲದಿಂದ ಕೇಳುತ್ತಿದ್ದಾರೆ. ಇಂತಹ ಬೇಡಿಕೆಯು ರಾಜ್ಯ ಸರಕಾರದ ಶಿಫಾರಸಿನೊಡನೆ ದಿಲ್ಲಿಗೆ ಹೋಗಿ, ಭಾರತದ ರಿಜಿಸ್ಟ್ರಾರ್ ಜನರಲ್ಲರ ಮತ್ತು ಪರಿಶಿಷ್ಟ ಪಂಗಡಗಳ ಆಯೋಗದ ಪರಿಶೀಲನೆಗೆ ಒಳಗಾಗುತ್ತದೆ. ಅಲ್ಲಿ ತೂಗುವುದು ಕುಲಶಾಸ್ತ್ರೀಯ ವರದಿ. ಕೊಪ್ಪದ ವ್ಯವಸ್ಥೆ, ಗೌಡ ಬುದ್ಧಿವಂತರ ಅಧಿಕಾರ, ಸುಗ್ಗಿಯ ಆಚರಣೆ ಇವುಗಳನ್ನು ಕಣ್ಣಾರೆ ಕಂಡು, ಹಳೆಯ ದಾಖಲೆಗಳೊಡನೆ ಒರೆಹಚ್ಚಿ ಬರೆಯಬಲ್ಲವರು ಎಷ್ಟು ಮಂದಿ? ನಮ್ಮ ತರಗತಿಗಳಲ್ಲಿ ಬುಡಕಟ್ಟಿನ ಲಕ್ಷಣಗಳನ್ನು ಬಾಯಿಪಾಠ ಮಾಡಿಸುತ್ತೇವೆ; ನೆರೆಯ ಕೊಪ್ಪಕ್ಕೆ ಕರೆದೊಯ್ಯುವುದು ಅಪರೂಪ.

2013ರ ಭೂಸ್ವಾಧೀನ ಕಾಯಿದೆಯು ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಸಾರ್ವಜನಿಕ ವಿಚಾರಣೆಯನ್ನೂ ವಿಧಿಸಿ, ಸಮಾಜಶಾಸ್ತ್ರಜ್ಞನಿಗೆ ಹೊಸ ಕೆಲಸವನ್ನು ತೆರೆಯಿತು. ವಿಪರ್ಯಾಸವೆಂದರೆ, ಹೆದ್ದಾರಿ ಮತ್ತು ರೈಲ್ವೆ ಕಾಯಿದೆಗಳನ್ವಯ ಪಡೆಯುವ ಭೂಮಿಗೆ ಈ ಅಧ್ಯಯನವು ಕಡ್ಡಾಯವಲ್ಲ. ಈ ಮೂರು ತಾಲೂಕುಗಳನ್ನು ಉದ್ದಕ್ಕೂ ಸೀಳಿರುವುದು ರೈಲುಮಾರ್ಗವೂ ಹೆದ್ದಾರಿಯೂ ಅಲ್ಲವೆ? ಕಾನೂನು ಕೇಳದಿದ್ದರೂ ಮನೆಯೆಣಿಕೆ, ಗೇಣಿಯ ಪೂರ್ವೇತಿಹಾಸ, ಪಹಣಿಯಲ್ಲಿ ಹೆಸರಿಲ್ಲದ ಅನುಭೋಗದಾರರ ವಿವರ ಇವುಗಳನ್ನು ಸಂಗ್ರಹಿಸಲು ಅಡ್ಡಿಯಿಲ್ಲ. ಅಂತಿಮ ವರ್ಷದ ಒಂದು ಪತ್ರಿಕೆಯ ಬದಲಿಗೆ, ಒಂದು ಗ್ರಾಮದಲ್ಲಿ ಇಂತಹ ಅಧ್ಯಯನ ನಡೆಸಿ ಅದರ ವರದಿಯನ್ನು ಆ ಊರಿನವರೆದುರಿಗೆ ಓದಿಸುವ ಕ್ರಮವನ್ನು ಕಾಲೇಜುಗಳು ಪರಿಶೀಲಿಸಬೇಕೆಂದು ಸೂಚಿಸುತ್ತೇವೆ.