ಎರಡಾಣೆಯ ತೆರಿಗೆ ಮತ್ತು ಜಯಕರ್ ಸಮಿತಿ

1927ರ ನವೆಂಬರ್ ತಿಂಗಳು ಭಾರತದ ರಾಜಕೀಯ ಇತಿಹಾಸದಲ್ಲಿ ಸೈಮನ್ ಆಯೋಗದ ಘೋಷಣೆಯಿಂದ ಪ್ರಸಿದ್ಧವಾಗಿದೆ. ಭಾರತೀಯ ಸದಸ್ಯನೊಬ್ಬನೂ ಇಲ್ಲದ ಆ ಆಯೋಗವನ್ನು ಬಹಿಷ್ಕರಿಸಬೇಕೆಂಬ ಕೂಗು ದೇಶದಾದ್ಯಂತ ಎದ್ದಿತು. ಅದೇ ತಿಂಗಳಿನಲ್ಲಿ, ಹೆಚ್ಚು ಸದ್ದುಗದ್ದಲವಿಲ್ಲದೆ, ಕೇಂದ್ರ ಶಾಸನಮಂಡಲದ ಉಭಯ ಸದನಗಳ ಸದಸ್ಯರನ್ನೊಳಗೊಂಡ ರಸ್ತೆ ಅಭಿವೃದ್ಧಿ ಸಮಿತಿಯೊಂದು ನೇಮಕವಾಯಿತು. ಅದರ ಅಧ್ಯಕ್ಷರು ಮುಂಬಯಿಯ ನ್ಯಾಯವಾದಿ, ಶಾಸನಸಭಾ ಸದಸ್ಯ ಮುಕುಂದ ರಾಮರಾವ್ ಜಯಕರ್. ಸೈಮನ್ ಆಯೋಗದ ವಿಷಯದಲ್ಲಿ ಅವರು ಬಹಿಷ್ಕಾರದ ಪಕ್ಷದವರೇ. ಆದರೆ ಸರಕಾರದೊಡನೆ ಅಸಹಕಾರ, ರಸ್ತೆಯೊಡನೆ ಸಹಕಾರ ಎಂಬ ಈ ವಿಚಿತ್ರ ಸನ್ನಿವೇಶವನ್ನು ಅವರ ಚರಿತ್ರಕಾರರು ಹೆಚ್ಚಾಗಿ ಗಮನಿಸಿದಂತೆ ಕಾಣುವುದಿಲ್ಲ. ದುಂಡುಮೇಜಿನ ಪರಿಷತ್ತಿನ ಪ್ರತಿನಿಧಿಯಾಗಿ, 1931ರ ಗಾಂಧಿ–ಇರ್ವಿನ್ ಒಪ್ಪಂದಕ್ಕೆ ತೇಜ್ ಬಹಾದೂರ್ ಸಪ್ರೂ ಅವರೊಡನೆ ಶ್ರಮಿಸಿದ ಸಂಧಾನಕಾರರಾಗಿ ಜಯಕರ್ ನೆನಪಾಗುವಷ್ಟು ಈ ಕಾರ್ಯದಿಂದ ನೆನಪಾಗುವುದಿಲ್ಲ.

ಸಮಿತಿಯ ಮುಂದಿದ್ದ ತೊಡಕು ಮೂಲತಃ ಹಣಕಾಸಿನದು. 1919ರ ಭಾರತ ಸರಕಾರದ ಕಾಯಿದೆಯ ಅನ್ವಯ, ಸೇನೆಗೆ ಮುಖ್ಯವಾದ ಕೆಲವನ್ನು ಬಿಟ್ಟರೆ ಉಳಿದ ರಸ್ತೆಗಳೆಲ್ಲ ಪ್ರಾಂತಗಳ ಹೊಣೆಯಾದವು. ಪ್ರಾಂತ ಸರಕಾರಗಳು ಬಹುಪಾಲು ರಸ್ತೆಗಳನ್ನು ಜಿಲ್ಲಾ ಬೋರ್ಡುಗಳ ಕೈಗೆ ಒಪ್ಪಿಸಿದವು. ಬೋರ್ಡುಗಳ ಬೊಕ್ಕಸವಂತೂ ಸದಾ ಬರಿದು. ಮೊದಲ ಮಹಾಯುದ್ಧ ಮುಗಿದ ಮೇಲೆ ಮೋಟಾರು ವಾಹನಗಳು ಶೀಘ್ರವಾಗಿ ಹೆಚ್ಚತೊಡಗಿದವು. ಎತ್ತಿನ ಬಂಡಿಯ ಕಬ್ಬಿಣದ ಪಟ್ಟಿಗಳೂ ಮೋಟಾರಿನ ರಬ್ಬರು ಗಾಲಿಗಳೂ ಒಂದೇ ಕಂಕರು ರಸ್ತೆಯನ್ನು ಎರಡು ಬಗೆಯಲ್ಲಿ ಹಾಳುಗೆಡವಿದವು: ಒಂದು ಕೊರೆಯಿತು, ಇನ್ನೊಂದು ಅದರ ಮೇಲಿನ ಬಂಧಕ ಮಣ್ಣನ್ನು ಹೀರಿ ಧೂಳೆಬ್ಬಿಸಿತು. ವಿಪರ್ಯಾಸವೆಂದರೆ, ಮೋಟಾರಿನ ಆಮದು ಸುಂಕವೂ ಪೆಟ್ರೋಲಿನ ಸುಂಕವೂ ಸೇರುತ್ತಿದ್ದುದು ಕೇಂದ್ರದ ಖಜಾನೆಗೆ. ಆದಾಯ ದಿಲ್ಲಿಗೆ, ದುರಸ್ತಿಯ ಹೊರೆ ಧಾರವಾಡಕ್ಕೋ ಬಳ್ಳಾರಿಗೋ ಎಂಬ ಸ್ಥಿತಿ.

1928ರಲ್ಲಿ ಸಲ್ಲಿಕೆಯಾದ ವರದಿಯ ತಿರುಳು ಈ ಗಂಟನ್ನು ಬಿಡಿಸಿದ ರೀತಿಯಲ್ಲಿದೆ. ರಸ್ತೆಗಳ ಅಭಿವೃದ್ಧಿ ಪ್ರಾಂತ ಸರಕಾರಗಳ ಮತ್ತು ಸ್ಥಳೀಯ ಸಂಸ್ಥೆಗಳ ಶಕ್ತಿಯನ್ನು ಮೀರುತ್ತಿದೆ, ಅದು ರಾಷ್ಟ್ರದ ಹಿತಕ್ಕೆ ಸೇರಿದ ವಿಷಯವಾಗುತ್ತಿದೆ, ಆದುದರಿಂದ ಕೇಂದ್ರದ ಆದಾಯದಿಂದಲೂ ಅದಕ್ಕೆ ಪಾಲು ಸಲ್ಲಬೇಕು ಎಂಬುದು ಸಮಿತಿಯ ನಿಲುವು. ಕಾನೂನನ್ನು ತಿದ್ದದೆಯೇ, ರಸ್ತೆಗಳನ್ನು ಪ್ರಾಂತಗಳಲ್ಲಿಯೇ ಉಳಿಸಿ, ಹಣದ ಹರಿವನ್ನು ಮಾತ್ರ ಬದಲಿಸುವ ಉಪಾಯ ಅದು. ಗ್ಯಾಲನ್ ಪೆಟ್ರೋಲಿಗೆ ನಾಲ್ಕಾಣೆಯಿದ್ದ ಸುಂಕ ಆರಾಣೆಯಾಯಿತು. ಹೆಚ್ಚಿದ ಎರಡಾಣೆ ಬೇರೆ ಯಾವ ವೆಚ್ಚಕ್ಕೂ ಸಲ್ಲದೆ, ವರ್ಷಾಂತ್ಯದಲ್ಲಿ ರದ್ದಾಗದೆ, ಪ್ರತ್ಯೇಕ ನಿಧಿಯಲ್ಲಿ ನಿಲ್ಲಬೇಕೆಂದು ಏರ್ಪಾಡಾಯಿತು. 1929ರ ಮಾರ್ಚ್ 1ರಿಂದ ಕೇಂದ್ರ ರಸ್ತೆ ನಿಧಿ ಅಸ್ತಿತ್ವಕ್ಕೆ ಬಂದಿತು. ಮೊದಲು ಐದು ವರ್ಷಗಳ ಪ್ರಯೋಗವೆಂದಿದ್ದುದು ಬಳಿಕ ಸ್ಥಿರವಾಯಿತು.

ಆದರೆ ನಿಧಿಯ ಹಂಚಿಕೆಯ ನಿಯಮವನ್ನು ನೋಡಿದಾಗ ಅದರ ಮಿತಿಯೂ ಗೋಚರಿಸುತ್ತದೆ. ಕೇಂದ್ರ ತನ್ನ ಕೈಯಲ್ಲಿ ಮೀಸಲು ಭಾಗವನ್ನು ಇಟ್ಟುಕೊಂಡು, ಉಳಿದುದನ್ನು ಆಯಾ ಪ್ರದೇಶದಲ್ಲಿ ವೆಚ್ಚವಾದ ಪೆಟ್ರೋಲಿನ ಪ್ರಮಾಣಕ್ಕೆ ಅನುಗುಣವಾಗಿ ಕೊಡುತ್ತಿತ್ತು. ತೆರಿಗೆ ಕೊಟ್ಟವನಿಗೆ ರಸ್ತೆ ಎಂಬ ನ್ಯಾಯ ಇಲ್ಲಿದೆ, ನಿಜ. ರಸ್ತೆಯೇ ಇಲ್ಲದ ಕಡೆ ಮೋಟಾರು ಓಡದು, ಮೋಟಾರು ಓಡದ ಕಡೆ ಪೆಟ್ರೋಲು ಖರ್ಚಾಗದು, ಪೆಟ್ರೋಲು ಖರ್ಚಾಗದ ಕಡೆಗೆ ನಿಧಿ ಬಾರದು. ಮುಂಬಯಿಯಂಥ ಮಹಾನಗರವನ್ನು ಒಡಲಲ್ಲಿಟ್ಟುಕೊಂಡ ಪ್ರಾಂತಕ್ಕೆ ಅನುಕೂಲವಾದ ಸೂತ್ರವಿದು. ಆ ಪ್ರಾಂತದ ಅಂಚಿನಲ್ಲಿದ್ದ ಬಿಜಾಪುರ, ಕಾರವಾರಗಳ ಹಳ್ಳಿದಾರಿಗಳಿಗೆ ಅದರಿಂದ ಎಷ್ಟು ಇಳಿದುಬರಬೇಕೆಂಬುದು ಪ್ರಾಂತ ಸರಕಾರದ ಮರ್ಜಿಗೆ ಬಿಟ್ಟ ಮಾತು. ನಿಧಿಯ ರಚನೆಯಲ್ಲಿ ತೋರಿದ ಸೂಕ್ಷ್ಮತೆ ಹಂಚಿಕೆಯಲ್ಲಿ ತೋರಲಿಲ್ಲವೆನ್ನದೆ ವಿಧಿಯಿಲ್ಲ.

ಸಮಿತಿಯ ಇನ್ನೊಂದು ಸಲಹೆ ನಿಧಾನವಾಗಿ ಫಲಿಸಿತು. ರಸ್ತೆ ಎಂಜಿನಿಯರುಗಳು ಅನುಭವವನ್ನು ಹಂಚಿಕೊಳ್ಳುವುದಕ್ಕೆ ವೇದಿಕೆಯೊಂದು ಬೇಕೆಂದು ಅದು ಸೂಚಿಸಿತ್ತು. 1934ರ ಡಿಸೆಂಬರಿನಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸ್ಥಾಪನೆಯಾಯಿತು. ರಸ್ತೆ, ಸೇತುವೆಗಳ ಮಾನದಂಡಗಳನ್ನು ಈಗಲೂ ಪ್ರಕಟಿಸುವುದು ಅದೇ ಸಂಸ್ಥೆ. 1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ ಮತ್ತು ಹಳ್ಳಿ ರಸ್ತೆಗಳೆಂದು ವರ್ಗೀಕರಿಸಿದಾಗಲೇ ಹಳ್ಳಿದಾರಿಗೂ ಯೋಜನೆಯಲ್ಲಿ ಸ್ಪಷ್ಟವಾದ ಸ್ಥಾನ ದೊರೆಯಿತು.

ಜಯಕರ್ ಆ ಹೊತ್ತಿಗೆ ಈ ಕ್ಷೇತ್ರದಿಂದ ದೂರ ಸರಿದಿದ್ದರು. ಫೆಡರಲ್ ನ್ಯಾಯಾಲಯ, ಪ್ರಿವಿ ಕೌನ್ಸಿಲ್, ಸಂವಿಧಾನ ಸಭೆಗಳನ್ನು ದಾಟಿ 1948ರಲ್ಲಿ ಪುಣೆ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. ಅಲ್ಲಿನ ಗ್ರಂಥಾಲಯಕ್ಕೆ ಅವರ ಹೆಸರಿದೆ. ಅವರು ರೂಪಿಸಿದ ನಿಧಿಗೆ 2000ದ ಡಿಸೆಂಬರಿನಲ್ಲಿ ಸಂಸತ್ತು ಪ್ರತ್ಯೇಕ ಕಾಯಿದೆಯ ಆಧಾರವನ್ನು ಒದಗಿಸಿತು. ಆ ವೇಳೆಗೆ ಪೆಟ್ರೋಲಿನ ಜೊತೆಗೆ ಡೀಸೆಲಿನ ಮೇಲೂ ಸೆಸ್ ಬಿದ್ದಿತ್ತು, ಗ್ರಾಮೀಣ ರಸ್ತೆಗಳಿಗೂ ಅದರಲ್ಲಿ ಪಾಲು ನಿಗದಿಯಾಗಿತ್ತು.