ಗ್ರೇ, ರಾಡ್, ಸೀವರ್ಟ್: ರಿಪೋರ್ಟಿನಲ್ಲಿರುವ ವಿಕಿರಣದ ಲೆಕ್ಕ ಓದುವುದು ಹೇಗೆ?

ಮಂಗಳೂರಿನಲ್ಲಿ ಉಮ್ಮನ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ ಮಂಜೇಶ್ವರಕ್ಕೋ ಉಪ್ಪಳಕ್ಕೋ ಮರಳುವ ಮಕ್ಕಳು ಬಸ್ಸಿನಲ್ಲೇ ರಿಪೋರ್ಟ್ ಬಿಡಿಸಿ ನೋಡುತ್ತಾರೆ. ಕೆಲವು ರಿಪೋರ್ಟುಗಳಲ್ಲಿ ‘ಡಿಎಲ್‌ಪಿ 600 ಮಿಲಿಗ್ರೇ ಸೆಂಟಿಮೀಟರ್’ ಎಂಬಂತಹ ಒಂದು ಸಾಲು ಇರುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಎದೆಯ ಎಕ್ಸ್‌ರೇಗೆ ಸುಮಾರು 0.1 ಮಿಲಿಸೀವರ್ಟ್ ಅಂತ ಸಿಗುತ್ತದೆ. 600ನ್ನು 0.1ರಿಂದ ಭಾಗಿಸಿದರೆ 6,000 ಎಕ್ಸ್‌ರೇ! ಮನೆಯಲ್ಲಿ ಗಾಬರಿ ಶುರು. ಇಲ್ಲಿ ಭಾಗಾಕಾರ ಸರಿಯೇ ಇದೆ, ತಪ್ಪಿದ್ದು ಯೂನಿಟ್. ಕಿಲೋ ಅಕ್ಕಿಯನ್ನು ಲೀಟರ್ ಎಣ್ಣೆಯಿಂದ ಭಾಗಿಸಿದ ಹಾಗೆ.

ವಿಕಿರಣ ದೇಹದೊಳಗೆ ಹೊಕ್ಕಾಗ ಅಲ್ಲಿ ಬಿಟ್ಟುಹೋಗುವ ಶಕ್ತಿಯನ್ನು ಅಳೆಯುವುದು ‘ಗ್ರೇ’. ಒಂದು ಕಿಲೋ ತೂಕಕ್ಕೆ ಒಂದು ಜೂಲ್ ಶಕ್ತಿ ಸೇರಿದರೆ 1 ಗ್ರೇ. ಬ್ರಿಟಿಷ್ ವಿಜ್ಞಾನಿ ಲೂಯಿಸ್ ಹೆರಾಲ್ಡ್ ಗ್ರೇ ಅವರ ಹೆಸರನ್ನು 1975ರಲ್ಲಿ ಇದಕ್ಕೆ ಇಡಲಾಯಿತು. ಅದಕ್ಕೂ ಮೊದಲು, 1953ರಿಂದ, ಬಳಕೆಯಲ್ಲಿದ್ದದ್ದು ‘ರಾಡ್’. 100 ರಾಡ್ ಸೇರಿದರೆ 1 ಗ್ರೇ. ರೂಪಾಯಿ–ಪೈಸೆಯ ಲೆಕ್ಕವೇ ಇದು, ರಾಡ್ ಪೈಸೆ ಇದ್ದಂತೆ. ಹೀಗಾಗಿ 1 ಸೆಂಟಿಗ್ರೇ ಮತ್ತು 1 ರಾಡ್ ಎರಡೂ ಒಂದೇ. 1 ರಾಡ್ ಅಂದರೆ 10 ಮಿಲಿಗ್ರೇ.

ಸೀವರ್ಟ್ ಬೇರೆ ಜಾತಿ. ಅದು ಮುಂದೆ ಕ್ಯಾನ್ಸರಿನಂತಹ ಹಾನಿ ಆಗುವ ಸಾಧ್ಯತೆಯನ್ನು ತೂಗುವ ಅಳತೆ. ಗ್ರೇಯನ್ನು ವಿಕಿರಣದ ಬಗೆಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ಎಕ್ಸ್‌ರೇ, ಗಾಮಾ, ಬೀಟಾಗಳಿಗೆ ಆ ಅಂಕಿ 1, ಆಲ್ಫಾ ಕಣಗಳಿಗೆ 20. ನಂತರ ಯಾವ ಅಂಗಕ್ಕೆ ತಗುಲಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೀವರ್ಟ್‌ನ ಹಳೆಯ ಪೈಸೆ ‘ರೆಮ್’. 100 ರೆಮ್‌ಗೆ 1 ಸೀವರ್ಟ್.

ಈಗ ಉಮ್ಮನ ರಿಪೋರ್ಟಿಗೆ ಬರೋಣ. ಡಿಎಲ್‌ಪಿ ಎಂದರೆ ಡೋಸನ್ನು ಸ್ಕ್ಯಾನ್ ಮಾಡಿದ ಉದ್ದದಿಂದ ಗುಣಿಸಿದ ಅಂಕಿ. ‘ಸೆಂಟಿಮೀಟರ್’ ಎಂಬ ಬಾಲ ಅಂಟಿಕೊಂಡಿರುವುದು ಅದಕ್ಕೇ. ಇದನ್ನು ಮಿಲಿಸೀವರ್ಟ್‌ಗೆ ತರಲು ದೊಡ್ಡವರ ಹೊಟ್ಟೆಗೆ ಸುಮಾರು 0.015ರಿಂದ, ಎದೆಗೆ 0.014ರಿಂದ, ತಲೆಗೆ 0.0021ರಿಂದ ಗುಣಿಸುತ್ತಾರೆ. 600ನ್ನು 0.015ರಿಂದ ಗುಣಿಸಿದರೆ 9 ಮಿಲಿಸೀವರ್ಟ್. ಅಂದರೆ 90 ಎಕ್ಸ್‌ರೇ, ಇಲ್ಲವೇ ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೇ ಸರಾಸರಿ ಮನುಷ್ಯನಿಗೆ ಸಿಗುವ ವರ್ಷದ 2.4 ಮಿಲಿಸೀವರ್ಟ್‌ನ ನಾಲ್ಕು ಪಟ್ಟಿಗಿಂತ ತುಸು ಕಡಿಮೆ. ಇದು ಏನೂ ಅಲ್ಲ ಅಂತಲ್ಲ, ಸುಮ್ಮಸುಮ್ಮನೆ ಸಿ.ಟಿ. ಮಾಡಿಸಬಾರದು. ಆದರೆ 6,000 ಖಂಡಿತ ಅಲ್ಲ. ತಲೆಯ ಸ್ಕ್ಯಾನಿನಲ್ಲಿ ಡಿಎಲ್‌ಪಿ 1,000 ಇದ್ದರೂ ಲೆಕ್ಕ ಬರುವುದು 2.1 ಮಿಲಿಸೀವರ್ಟ್ ಮಾತ್ರ. ಚಿಕ್ಕ ಮಕ್ಕಳಿಗೆ ಈ ಗುಣಕಗಳು ಹೊಂದುವುದಿಲ್ಲ, ಅವರಿಗೆ ಹೆಚ್ಚಿನವು ಬೇಕು.

ಇನ್ನೂ ದೊಡ್ಡ ಗಾಬರಿ ‘ಕರೆಂಟ್ ಕೊಡುವ’ ಚಿಕಿತ್ಸೆಯದ್ದು. ಸ್ತನ ಕ್ಯಾನ್ಸರಿಗೆ ಹಳೆಯ ರೂಢಿಯಂತೆ ದಿನಕ್ಕೆ 2 ಗ್ರೇಯಂತೆ 25 ದಿನ, ಒಟ್ಟು 50 ಗ್ರೇ. ಒಂದು ಆಸ್ಪತ್ರೆಯ ಕಾರ್ಡಿನಲ್ಲಿ ಇದು 50 ಅಂತಲೂ ಇನ್ನೊಂದರಲ್ಲಿ 5,000 ಸೆಂಟಿಗ್ರೇ ಅಂತಲೂ ಇದ್ದರೆ ಎರಡೂ ಒಂದೇ. ನೂರು ಪಟ್ಟು ಜಾಸ್ತಿ ಕೊಟ್ಟರು ಅಂತ ಜಗಳಕ್ಕೆ ಹೋಗಬೇಕಿಲ್ಲ. ಈಗ ಬಹಳ ಕಡೆ 15 ಸಲದಲ್ಲಿ 40 ಗ್ರೇ ಕೊಡುತ್ತಾರೆ. ಒಟ್ಟು ಕಡಿಮೆ ಕಂಡರೂ ಒಂದೊಂದು ಸಲದ್ದು 2.67 ಗ್ರೇ. ಸಲಕ್ಕೆ ಹೆಚ್ಚು ಕೊಟ್ಟಾಗ ಅಂಗಾಂಶಕ್ಕೆ ಪೆಟ್ಟೂ ಹೆಚ್ಚು. ಆದ್ದರಿಂದ ಬರೀ ಒಟ್ಟು ಮೊತ್ತ ಹಿಡಿದು ಎರಡು ಚಿಕಿತ್ಸೆಗಳನ್ನು ಹೋಲಿಸಲು ಬರುವುದಿಲ್ಲ. ಪರಿಚಯದವರ ಕಾರ್ಡಿನ ಜೊತೆ ತಾಳೆ ಹಾಕುವವರು ಇದನ್ನು ನೆನಪಿಡಬೇಕು.

ಇಡೀ ದೇಹಕ್ಕೆ ಒಮ್ಮೆಲೇ 4 ಗ್ರೇ ಬಿದ್ದರೆ, ಚಿಕಿತ್ಸೆ ಸಿಗದಿದ್ದಲ್ಲಿ, ಅರ್ಧದಷ್ಟು ಜನ ಎರಡು ತಿಂಗಳೊಳಗೆ ಸಾಯಬಹುದು. ಹಾಗಾದರೆ 50 ಗ್ರೇ ಪಡೆದವರು ಉಳಿಯುವುದು ಹೇಗೆ? ಅದು ಒಂದು ಜಾಗಕ್ಕೆ ಮಾತ್ರ, ಅದೂ ವಾರಗಟ್ಟಲೆ ಹಂಚಿ ಕೊಡುವಂಥದ್ದು. ವಿಚಿತ್ರವೆಂದರೆ, 70 ಕಿಲೋ ಮನುಷ್ಯನಿಗೆ 4 ಗ್ರೇ ಅಂದರೆ 280 ಜೂಲ್, ಒಂದು ಚಮಚ ಬಿಸಿ ಚಹಾ ಕೊಡುವ ಶಾಖಕ್ಕಿಂತಲೂ ಕಡಿಮೆ! ಕೊಲ್ಲುವುದು ಶಾಖವಲ್ಲ, ಜೀವಕೋಶದೊಳಗಿನ ಡಿಎನ್‌ಎ ತುಂಡಾಗುವುದು. ಅಮೆರಿಕಕ್ಕೆ ಹೋಗುವ ನಮ್ಮ ಮಾವಿನ ಹಣ್ಣಿಗೆ ಕನಿಷ್ಠ 400 ಗ್ರೇ, ಅಂದರೆ 40,000 ರಾಡ್ ಕೊಡಬೇಕೆಂಬ ನಿಯಮವಿದೆ. ಹಣ್ಣು ಬಿಸಿಯೂ ಆಗಲ್ಲ, ವಿಕಿರಣಶೀಲವೂ ಆಗಲ್ಲ.

ಗುಜರಿ ವ್ಯಾಪಾರದಲ್ಲಿರುವವರಿಗೆ ಬೇಕಾದದ್ದು ಮೀಟರಿನ ಲೆಕ್ಕ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಯಂತ್ರವೊಂದು ಮಾಯಾಪುರಿಯ ಗುಜರಿ ಮಾರುಕಟ್ಟೆ ಸೇರಿ, ಅದರೊಳಗಿದ್ದ ಕೋಬಾಲ್ಟ್-60 ಹೊರಬಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕ ತೀರಿಕೊಂಡ. ಹಳೆಯ ಸರ್ವೆ ಮೀಟರ್‌ಗಳು ಗಂಟೆಗೆ ಇಷ್ಟು ಮಿಲಿರೋಂಟ್ಜನ್ ಎಂದು ತೋರಿಸುತ್ತವೆ, ಹೊಸವು ಮೈಕ್ರೋಸೀವರ್ಟ್. ರೋಂಟ್ಜನ್ ಗಾಳಿಯಲ್ಲಿ ಹುಟ್ಟಿದ ವಿದ್ಯುದಂಶದ ಅಳತೆ. 1 ರೋಂಟ್ಜನ್ ಎಂದರೆ ಗಾಳಿಯಲ್ಲಿ 0.88 ರಾಡ್, ಮೈಯ ಮೃದು ಭಾಗದಲ್ಲಿ ಸುಮಾರು 0.96 ರಾಡ್. ಕೆಲಸದ ಲೆಕ್ಕಕ್ಕೆ 1 ಮಿಲಿರೋಂಟ್ಜನ್ ಅಂದರೆ 10 ಮೈಕ್ರೋಸೀವರ್ಟ್ ಅಂತ ಹಿಡಿದರೆ ಸಾಕು. ಸಾಮಾನ್ಯ ಅಂಗಳದಲ್ಲಿ ಗಂಟೆಗೆ 0.1ರಿಂದ 0.2 ಮೈಕ್ರೋಸೀವರ್ಟ್ ತೋರಿಸುವುದು ಸಹಜ. ಹಳೆಯ ಮೀಟರಿನಲ್ಲಿ ಇದೇ 0.01ರಿಂದ 0.02 ಮಿಲಿರೋಂಟ್ಜನ್. ಆದರೆ ಆ ಮೀಟರಿನ ಮುಳ್ಳು 0.2 ತೋರಿಸಿದರೆ ಅದು ಮಾಮೂಲಿ ಅಲ್ಲ, ಹತ್ತಿಪ್ಪತ್ತು ಪಟ್ಟು ಹೆಚ್ಚು. ಆ ರಾಶಿಯಿಂದ ಜನರನ್ನು ದೂರ ಸರಿಸಿ, ಏನನ್ನೂ ಕತ್ತರಿಸದೆ, ಪೊಲೀಸರಿಗೆ ಮತ್ತು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ತಿಳಿಸಬೇಕು.