ಬೆಂಗ್ರೆ, ಮಂಗಳೂರು

ಮಂಗಳೂರಿನ ಹಳೆ ಬಂದರಿನ ಎದುರು, ಫಲ್ಗುಣಿ ನದಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಚಾಚಿರುವ ಮರಳುದಿಣ್ಣೆ. ಕಸಬಾ ಬೆಂಗ್ರೆ, ತೋಟ ಬೆಂಗ್ರೆ ಇಲ್ಲಿನ ಮುಖ್ಯ ವಸತಿಗಳು. ಮೊಗವೀರ ಹಾಗೂ ಮುಸ್ಲಿಂ ಮೀನುಗಾರ ಕುಟುಂಬಗಳು ಇಲ್ಲಿ ನೆಲೆಸಿವೆ. ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿದ್ದರೂ ಪೇಟೆಗೆ ಹತ್ತಿರದ ದಾರಿ ಫೆರಿ ದೋಣಿಯೇ. ರಸ್ತೆಯಲ್ಲಿ ಹೋಗಬೇಕಾದರೆ ತಣ್ಣೀರುಬಾವಿಯ ಕಡೆಯಿಂದ ಬಹಳ ಸುತ್ತಬೇಕು. ರಾತ್ರಿ ಹೊತ್ತು ಕಾಯಿಲೆಯವರನ್ನು ಸಾಗಿಸುವವರಿಗೆ ಈ ಅಂತರ ಸಣ್ಣದಲ್ಲ.

ಇಲ್ಲಿನ ಬಡತನವನ್ನು ಮೀನಿನ ಅಭಾವದಿಂದಷ್ಟೇ ವಿವರಿಸಲಾಗದು. ಕರಾವಳಿಯಲ್ಲಿ ಹಿಂದೆ ರಂಪಣಿ ಬಲೆಯನ್ನು ಹತ್ತಾರು ಜನ ಸೇರಿ ದಡಕ್ಕೆ ಎಳೆದು, ಸಿಕ್ಕಿದ್ದನ್ನು ಪಾಲು ಹಂಚಿಕೊಳ್ಳುತ್ತಿದ್ದರು. 1970ರ ದಶಕದ ಮಧ್ಯದಲ್ಲಿ ಸುತ್ತುಬಲೆ ಬೀಸುವ ಪರ್ಸೀನ್ ದೋಣಿಗಳು ಬಂದು, ಬಂಗುಡೆ, ಬೂತಾಯಿ ಮೀನಿನ ಹಿಂಡುಗಳನ್ನು ದಡ ಸೇರುವ ಮೊದಲೇ ಸುತ್ತುವರಿದವು. ರಂಪಣಿ ಮೂಲೆಗೆ ಸರಿಯಿತು. ದೋಣಿ, ಎಂಜಿನ್, ಬಲೆಗೆ ಬಂಡವಾಳ ಹೂಡಬಲ್ಲವರು ಮಾಲೀಕರಾದರು. ಉಳಿದ ಅನೇಕರು ಅವರ ದೋಣಿಗಳಲ್ಲಿ ದುಡಿಯುವವರಾದರು. ಈ ಬದಲಾವಣೆಯ ಭಾರ ಇಂದಿಗೂ ಇಳಿದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತತಿಗೆ ಅದು ಅಗತ್ಯ. ಆದರೆ ದೋಣಿ ಕಾರ್ಮಿಕರ ಮನೆಗೆ ಸಾಲದ ಕಾಲ. ಈ ಕಾಲಕ್ಕೆಂದೇ ಇರುವ ಉಳಿತಾಯ–ಪರಿಹಾರ ಯೋಜನೆಯಲ್ಲಿ ಮೀನುಗಾರರ ವಂತಿಗೆಗೆ ಕೇಂದ್ರ, ರಾಜ್ಯ ಸರ್ಕಾರಗಳ ಹಣ ಸೇರುತ್ತದೆ. ಬಂದರಿನ ದಕ್ಕೆಯಲ್ಲಿ ಮೀನು ಕೊಂಡು ಬುಟ್ಟಿಯಲ್ಲಿ ಮಾರುವ ಹೆಂಗಸರಿಗೂ ಆಗ ವ್ಯಾಪಾರ ತೆಳುವಾಗುತ್ತದೆ. ಸಂಸಾರಗಳು ನಿಂತಿರುವುದು ಬಹುಮಟ್ಟಿಗೆ ಈ ಹೆಂಗಸರ ದುಡಿಮೆಯ ಮೇಲೆ.

ದುಡಿಮೆಯ ಜೊತೆಗೆ ನೆಲದ ಪ್ರಶ್ನೆಯೂ ಇದೆ: ಮನೆ ನಿವೇಶನದ ಹಕ್ಕುಪತ್ರ ಇಲ್ಲಿನವರ ಹಳೆಯ ಬೇಡಿಕೆ.